ಬಾಗಿಲ ಬೆಳಕಿಗೆ ತಂದ ಸೀರೆ

ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಸೋದರಮಾವನ ಕಡೆಯಿಂದ ಕೊಡಬೇಕಾದ ಸೀರೆಯನ್ನು ದಾವಣಗೆರೆಯ ಒಂದು ದೊಡ್ಡ ಬಟ್ಟೆ ಮಳಿಗೆಯಲ್ಲಿ ಕೊಂಡು ಈಗ ಎರಡು ವರ್ಷವಾಯಿತು. ನಿಶ್ಚಿತಾರ್ಥ ಮುಗಿದು, ಮದುವೆಯೂ ಮುಗಿದು, ಹುಡುಗಿ ಗಂಡನ ಮನೆಗೆ ಹೋಗಿ ಆಗಿದೆ. ಆ ಸೀರೆಯ ವಿಚಾರ ಮಾತ್ರ ನನ್ನನ್ನು ಬಿಟ್ಟಿಲ್ಲ. ಮಳಿಗೆಯ ಎರಡನೆಯ ಮಹಡಿಯಲ್ಲಿ, ಒಂದು ಕಿಟಕಿಯೂ ಇಲ್ಲದ ಹಜಾರದಲ್ಲಿ, ಅವ್ವ, ತಂಗಿ, ಅವಳ ಮಗಳು, ನಾನು ನಾಲ್ವರೂ ಕೂತು ಎರಡು ತಾಸಿಗೂ ಹೆಚ್ಚು ಹೊತ್ತು ನೋಡಿ ಒಪ್ಪಿದ್ದು ದಾಳಿಂಬೆ ಬಣ್ಣದ ರೇಷ್ಮೆ ಸೀರೆಯನ್ನು. ಮಾರುವ ಹುಡುಗಿ ಸೆರಗನ್ನು ಬಿಡಿಸಿ ಮೇಜಿನ ಮೇಲೆ ಹಾಸಿದಾಗ ಜರಿಯ ಹೂಗಳು ಒಂದೊಂದೇ ಮಿನುಗಿದವು, ಒಡಲಿನ ಕೆಂಪು ಒಳಗಿನಿಂದ ಹೊತ್ತಿಕೊಂಡಂತೆ ಕಂಡಿತು. ಬೆಲೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿತ್ತು. ಆದರೂ ಯಾರೂ ಎರಡನೆಯ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ದೇವರ ಮುಂದೆ ಇಡುವುದಕ್ಕೆಂದು ಸೀರೆಯನ್ನು ಚೀಲದಿಂದ ತೆಗೆದು, ಹಿತ್ತಲ ಬಾಗಿಲಲ್ಲಿ ನಿಂತು ಒಂದು ಮಡಿಕೆ ಬಿಡಿಸಿದಳು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದವಳು, "ಇದು ನಾವು ಆರಿಸಿದ್ದಲ್ಲಪ್ಪಾ, ಇದು ಬದ್ನಿಕಾಯಿ ಬಣ್ಣ ಐತಿ" ಎಂದಳು. ನಿಜಕ್ಕೂ ಅದು ಬದನೆಕಾಯಿಯ ಬಣ್ಣವೇ ಆಗಿತ್ತು. ನೀಲಿಯ ಛಾಯೆ ಮೇಲೆದ್ದು, ಕೆಂಪು ಹಿಂದೆ ಸರಿದಿತ್ತು, ಜರಿಯೂ ಸಪ್ಪಗಿತ್ತು. ಚೀಟಿಯ ಸಂಖ್ಯೆಯನ್ನೂ ರಸೀತಿಯ ಸಂಖ್ಯೆಯನ್ನೂ ತಾಳೆ ನೋಡಿದೆವು, ಎರಡೂ ಒಂದೇ. ಸಂಜೆ ಮಳಿಗೆಗೆ ಕೊಂಡುಹೋಗಿ ಅದೇ ಮೇಜಿನ ಮೇಲೆ ಬಿಡಿಸಿದಾಗ ಸೀರೆ ಮತ್ತೆ ದಾಳಿಂಬೆಯಾಯಿತು. ಆ ಹುಡುಗಿ ನಮ್ಮ ಮುಖವನ್ನೂ ಸೀರೆಯನ್ನೂ ನೋಡಿ, "ಅದೇ ಸೀರೆ ಅಲ್ಲೇನ್ರಿ ಅಂಕಲ್?" ಎಂದಳು. ಹೌದು, ಅದೇ ಸೀರೆ. ಯಾರೂ ಬದಲಾಯಿಸಿರಲಿಲ್ಲ, ಯಾರೂ ಸುಳ್ಳು ಹೇಳಿರಲಿಲ್ಲ. ಮೋಸ ಎನ್ನಲು ಬಾಯಿ ಬರಲಿಲ್ಲ. ಸರಿ ಎಂದುಕೊಂಡು ಎದ್ದು ಬರಲು ಮನಸ್ಸೂ ಒಪ್ಪಲಿಲ್ಲ. ದೋಷವಿರುವ ಸರಕನ್ನು ರಸೀತಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆಯಲು ಒಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಆದರೆ ನಮ್ಮ ಸೀರೆಯಲ್ಲಿ ದೋಷವೆಲ್ಲಿತ್ತು? ನೂಲು ಸರಿಯಿತ್ತು, ನೇಯ್ಗೆ ಸರಿಯಿತ್ತು. ನಾವು ನೋಡಿದ ಬೆಳಕು ಮಾತ್ರ ನಮ್ಮ ಜೊತೆ ಮನೆಗೆ ಬಂದಿರಲಿಲ್ಲ.

ಚೌಕಿಪೇಟೆಯ ಹೊಸ್ತಿಲು

ನಾನು ಚಿಕ್ಕವನಿದ್ದಾಗ, ಎಂದರೆ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಮ್ಮ ಮನೆಯ ಬಟ್ಟೆಯೆಲ್ಲ ಚೌಕಿಪೇಟೆಯ ಒಂದೇ ಅಂಗಡಿಯಿಂದ ಬರುತ್ತಿತ್ತು. ಉದ್ದಕ್ಕೆ ಓಣಿಯಂತೆ ಒಳಗೆ ಹೋಗುವ ಅಂಗಡಿ. ಬಿಳಿ ಹೊದಿಕೆಯ ಗಾದಿ. ನೆತ್ತಿಯ ಮೇಲೆ ಎರಡು ಟ್ಯೂಬ್‌ಲೈಟು. ಅಂಗಡಿಯ ಸಾಹುಕಾರರು ಗಾದಿಯ ಮೇಲೆ ಹತ್ತು ಸೀರೆ ಬಿಡಿಸಿ, ಅದರಲ್ಲಿ ಅವ್ವನ ಕೈ ಎರಡು ಸಲ ಹೋದ ಸೀರೆ ಯಾವುದೆಂದು ಗುರುತಿಟ್ಟುಕೊಂಡು, ಅದನ್ನು ಎತ್ತಿ ಮೊಣಕೈ ಮೇಲೆ ಹಾಕಿಕೊಂಡು, ತಾವೇ ಎದ್ದು ಬಾಗಿಲಿಗೆ ಬರುತ್ತಿದ್ದರು. ಹೊಸ್ತಿಲ ಮೇಲೆ ನಿಂತು ಸೆರಗಿನ ತುದಿಯನ್ನು ಬೀದಿಯ ಕಡೆಗೆ ಚಾಚಿ, "ಹಗಲ ಬೆಳಕಿಗೆ ಒಮ್ಮೆ ನೋಡಿಬಿಡ್ರಿ ಅಕ್ಕಾರೆ, ಆಮ್ಯಾಲೆ ಮಾತು" ಎನ್ನುತ್ತಿದ್ದರು. ಅವ್ವ ಚಪ್ಪಲಿ ಮೆಟ್ಟಿ ಬೀದಿಗಿಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದಳು. ಎಷ್ಟೋ ಸಲ ಅಲ್ಲಿಯೇ ತಲೆಯಾಡಿಸಿ ಬೇಡವೆನ್ನುತ್ತಿದ್ದಳು. ಸಾಹುಕಾರರು ಬೇಸರಿಸದೆ ಒಳಗೆ ಹೋಗಿ ಇನ್ನೊಂದನ್ನು ತರುತ್ತಿದ್ದರು.

ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ದುಗ್ಗಮ್ಮನ ಜಾತ್ರೆ ಹತ್ತಿರವಾಗಿತ್ತು, ಪೇಟೆ ತುಂಬ ಜನ. ಕರೆಂಟು ಹೋಗಿ ಅಂಗಡಿಯಲ್ಲಿ ಗ್ಯಾಸ್‌ಲೈಟು ಹಚ್ಚಿದ್ದರು. ಅದರ ಸುಯ್ಯೆನ್ನುವ ಸದ್ದಿನಲ್ಲಿ ಅವ್ವ ಹಸಿರು ಸೀರೆಯೊಂದನ್ನು ಒಪ್ಪಿ ದುಡ್ಡಿನ ಗಂಟು ಬಿಚ್ಚಿದಳು. ಸಾಹುಕಾರರು ಸೀರೆಯನ್ನು ಪಕ್ಕಕ್ಕೆ ಎತ್ತಿಟ್ಟು, "ದೀಪ ಹಚ್ಚಿದ ಮ್ಯಾಲೆ ಬಣ್ಣ ಆರಿಸಬ್ಯಾಡ್ರಿ. ಎತ್ತಿಟ್ಟಿರ್ತೀನಿ, ನಾಳೆ ಬೆಳಿಗ್ಗೆ ಬರ್ರಿ" ಎಂದರು. ಜಾತ್ರೆಯ ವ್ಯಾಪಾರದ ಹೊತ್ತಿನಲ್ಲಿ, ಕೈಗೆ ಬಂದ ದುಡ್ಡನ್ನು ಬೇಡವೆಂದು ಅವರು ಹಾಗೆ ಏಕೆ ಹೇಳಿದರೆಂಬುದು ಆಗ ನನಗೆ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಅವರು ಮಾರುತ್ತಿದ್ದುದು ಮುಂದಿನ ಇಪ್ಪತ್ತು ವರ್ಷವೂ ಅದೇ ಅಂಗಡಿಗೆ ಬರಲಿದ್ದ ಹೆಂಗಸಿಗೆ.

ಬಣ್ಣವನ್ನು ಹಗಲ ಬೆಳಕಿನಲ್ಲಿ ತೀರ್ಮಾನಿಸಬೇಕೆಂಬ ಅರಿವು ಅಂಗಡಿಯವರದಷ್ಟೇ ಆಗಿರಲಿಲ್ಲ. ಅಪ್ಪಾಜಿ ಹತ್ತಿ ಗಿರಣಿಯಲ್ಲಿ ಬಟ್ಟೆ ತಪಾಸಣೆಯ ಕೆಲಸದಲ್ಲಿದ್ದರು. ಹಳೆಯ ಗಿರಣಿಗಳ ಮಾಡು ಗರಗಸದ ಹಲ್ಲಿನಂತೆ ಏರಿಳಿಯುತ್ತಿದ್ದುದನ್ನು ನಮ್ಮ ಊರಿನ ಹಿರಿಯರು ಬಲ್ಲರು. ಆ ಹಲ್ಲುಗಳ ನೇರ ಬದಿಗೆ ಗಾಜು ಹಾಕಿ ಅದನ್ನು ಉತ್ತರಕ್ಕೆ ತಿರುಗಿಸುವುದು ಗಿರಣಿ ಕಟ್ಟುವವರ ಪದ್ಧತಿ. ಉತ್ತರದ ಗಾಜಿನಿಂದ ವರ್ಷದ ಹೆಚ್ಚಿನ ಕಾಲ ನೇರ ಬಿಸಿಲು ಬೀಳುವುದಿಲ್ಲ, ಆಕಾಶದ ಸಮನಾದ ಬೆಳಕಷ್ಟೇ ಇಳಿಯುತ್ತದೆ. ನೂಲು ಕಡಿದದ್ದು, ಬಣ್ಣ ಹೆಚ್ಚು ಕಡಿಮೆಯಾದದ್ದು ಆ ಬೆಳಕಿನಲ್ಲಿ ಅಡಗುವುದಿಲ್ಲವೆಂದು ಅಪ್ಪಾಜಿ ಹೇಳುತ್ತಿದ್ದರು.

ಒಂದೇ ತುಂಡು, ಮೂರು ದೀಪ

ಸೀರೆಯ ಪ್ರಸಂಗವಾದ ಕೆಲವು ತಿಂಗಳಿಗೆ, ವೈರಿಂಗ್ ಗುತ್ತಿಗೆ ಮಾಡುವ ಚಿಕ್ಕಪ್ಪನ ಮಗನ ಜೊತೆ ಇದರ ಬಗ್ಗೆ ಮಾತಾಡುತ್ತಿದ್ದೆ. ಅವನು, "ಬಾ ಅಣ್ಣ, ತೋರಿಸ್ತೀನಿ" ಎಂದು, ಮರುದಿನ ಉದ್ಘಾಟನೆಯಾಗಬೇಕಿದ್ದ ಒಂದು ಬಟ್ಟೆ ಅಂಗಡಿಗೆ ರಾತ್ರಿ ಹತ್ತರ ಹೊತ್ತಿಗೆ ಕರೆದುಕೊಂಡು ಹೋದ. ಒಳಗೆ ಬಣ್ಣದ ವಾಸನೆ ಇನ್ನೂ ಇತ್ತು. ನನ್ನ ಕೈಯಲ್ಲಿ ಆ ಸೀರೆಯ ಬ್ಲೌಸ್‌ನ ತುಂಡಿತ್ತು. ಅವನು ಎಲ್ಲ ದೀಪಗಳನ್ನೂ ಆರಿಸಿ, ಮೊದಲು ಬಿಲ್ಲಿಂಗ್ ಮೇಜಿನ ಮೇಲಿದ್ದ ಚೌಕ ದೀಪವೊಂದನ್ನೇ ಹಾಕಿದ. ತುಂಡು ನೇರಳೆಯಾಗಿ ಕಂಡಿತು. ಅದನ್ನು ಆರಿಸಿ, ಕಪಾಟಿನ ಮುಂದೆ ಕಂಬಿಗೆ ತೂಗಿದ್ದ ಸಣ್ಣ ಸ್ಪಾಟ್‌ಲೈಟನ್ನು ಹಾಕಿದ. ಅದೇ ತುಂಡು ದಾಳಿಂಬೆಯಾಯಿತು. ಬಳಿಕ ಏಣಿ ಹತ್ತಿ, ಆ ಸ್ಪಾಟ್‌ನ ಪಕ್ಕಕ್ಕೆ ಜೇಬಿನಿಂದ ತೆಗೆದ ಇನ್ನೊಂದು ಅಗ್ಗದ ಬಲ್ಬನ್ನು ಸಿಕ್ಕಿಸಿದ. ಬೆಳಕು ನೋಡಲು ಮೊದಲಿನಷ್ಟೇ ಹಳದಿ, ಆದರೆ ತುಂಡು ಹಳೆಯ ಹುಣಸೆಹಣ್ಣಿನಂತೆ ಕಂದಾಗಿ ಬಿಟ್ಟಿತು. "ಇದರಾಗೆ ಕೆಂಪು ಇಲ್ಲ" ಎಂದ ಏಣಿಯ ಮೇಲಿಂದಲೇ.

ಆ ರಾತ್ರಿ ಅವನು ಹೇಳಿದ್ದನ್ನೂ ನಾನು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತಾರೆ. ಹಣತೆ, ಮೇಣದಬತ್ತಿಗಳದ್ದು 2,000ದ ಆಸುಪಾಸು. ಹಳೆಯ ತಂತಿ ಬಲ್ಬಿನದ್ದು 2,700. ಮಧ್ಯಾಹ್ನದ ಬಿಸಿಲಿನದ್ದು ಸುಮಾರು 5,500. ನಮ್ಮ ಮನೆಗಳಲ್ಲಿ ಹಾಕುವ ಬಿಳಿ ಟ್ಯೂಬಿನದ್ದು 6,500. ಸಂಖ್ಯೆ ಏರಿದಷ್ಟೂ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ. ನಮ್ಮ ಸೀರೆಯ ನೂಲು ಕೆಂಪನ್ನೂ ನೀಲಿಯನ್ನೂ ಎರಡನ್ನೂ ಹಿಂದಕ್ಕೆ ಕಳಿಸುವಂಥದ್ದು. ಮಳಿಗೆಯ 3,000 ಕೆಲ್ವಿನ್‌ನ ದೀಪದಲ್ಲಿ ನೀಲಿಯ ಪಾಲೇ ಕಡಿಮೆ, ಆದ್ದರಿಂದ ಅಲ್ಲಿ ಕಂಡದ್ದು ಕೆಂಪಿನ ಅರ್ಧ. ಹಿತ್ತಲಲ್ಲಿ ಕಂಡದ್ದು ಪೂರ್ತಿ. ಜರಿಯ ಮಿನುಗಿಗೂ ಕಾರಣ ಇದೆ: ಕಿರಿದಾದ ಸ್ಪಾಟ್‌ನ ಕಿರಣ ಜರಿಯ ಒಂದೊಂದು ಎಳೆಯಿಂದಲೂ ಚುಕ್ಕೆಯಾಗಿ ಕಣ್ಣಿಗೆ ಹೊಡೆಯುತ್ತದೆ, ಉದ್ದನೆಯ ಟ್ಯೂಬಿನ ಬೆಳಕು ಎಲ್ಲ ಕಡೆಯಿಂದಲೂ ಬಂದು ಆ ಚುಕ್ಕೆಗಳನ್ನು ಅಳಿಸಿಬಿಡುತ್ತದೆ. ಮೇಜಿನ ಮೇಲಿನ ಬೆಳಕನ್ನು ಸುತ್ತಲಿನದಕ್ಕಿಂತ ಮೂರು ಪಟ್ಟೋ ಐದು ಪಟ್ಟೋ ಹೆಚ್ಚಿಸಿದರೆ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆಂಬುದು ದೀಪ ಹಾಕುವವರಿಗೆಲ್ಲ ಗೊತ್ತಿರುವ ಲೆಕ್ಕ.

ಅಗ್ಗದ ಬಲ್ಬಿನ ಕಥೆ ಬೇರೆ. ನೀಲಿ ಬೆಳಕಿನ ಎಲ್‌ಇಡಿಗಾಗಿ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ, ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರಾ ಅವರಿಗೆ, 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು ನೆನಪಿರಬಹುದು. ಇಂದಿನ ಸಾಮಾನ್ಯ ಬಿಳಿ ಎಲ್‌ಇಡಿಯೆಂದರೆ ನೀಲಿ ಬೆಳಕು ಸೂಸುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್‌ನ ಮೇಲೆ ಹಳದಿ ಬಣ್ಣಕ್ಕೆ ತಿರುಗಿಸುವ ಪುಡಿಯ ಲೇಪ. ನೀಲಿ, ಹಳದಿ ಸೇರಿ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ, ಆದರೆ ಗಾಢ ಕೆಂಪಿನ ಭಾಗ ಸೊರಗುತ್ತದೆ. ಒಂದು ದೀಪ ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆಂದು ಹೇಳುವ ಸಿಆರ್‌ಐ ಎಂಬ ಅಂಕವಿದೆ. ತಂತಿ ಬಲ್ಬಿಗೆ ಅದು 100, ಮಾಮೂಲಿ ಎಲ್‌ಇಡಿಗೆ 80ರ ಆಸುಪಾಸು. ಆ ಅಂಕವನ್ನು ಎಂಟು ತಿಳಿ ಬಣ್ಣಗಳ ಸರಾಸರಿಯಿಂದ ತೆಗೆಯುತ್ತಾರೆ. ಗಾಢ ಕೆಂಪು ಒಂಬತ್ತನೆಯದು, ಸರಾಸರಿಯ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಡಬ್ಬಿಯ ಮೇಲೆ 80 ಎಂದಿದ್ದರೂ ಅದರಡಿಯಲ್ಲಿ ಕುಂಕುಮದ ಬಣ್ಣ ಸತ್ತಂತೆ ಕಾಣಬಹುದು. ಕುಂಕುಮ, ದಾಳಿಂಬೆ, ಅರಗಿನ ಕೆಂಪುಗಳೇ ಮದುವೆ ಮನೆಯ ಬಣ್ಣಗಳಾಗಿರುವ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಸೀರೆಗೆ ತಕ್ಕ ಬ್ಲೌಸು, ಫಾಲ್ ಹುಡುಕುವ ಮ್ಯಾಚಿಂಗ್ ಸೆಂಟರ್‌ನವರು ಈಗಲೂ ತುಂಡನ್ನು ಬೀದಿಗೆ ಹಿಡಿದು ನೋಡುವುದಕ್ಕೂ ಇದೇ ಕಾರಣ. ಒಂದು ದೀಪದಡಿ ಜೋಡಿಯಾಗುವ ಎರಡು ಬಟ್ಟೆಗಳು ಇನ್ನೊಂದರಡಿ ಬೇರೆಬೇರೆಯಾಗಿ ನಿಲ್ಲುತ್ತವೆಂಬುದನ್ನು ಅವರು ದಿನಕ್ಕೆ ಹತ್ತು ಸಲ ಕಾಣುತ್ತಾರೆ.

ಕೆಂಪು ತಾಡಪಾಲು, ಹಳದಿ ಬೆಳಕು

ಇದು ದೊಡ್ಡ ಮಳಿಗೆಗಳು ಕಂಡುಹಿಡಿದ ಉಪಾಯವೆಂದರೆ ತಪ್ಪಾಗುತ್ತದೆ. ಟೊಮೆಟೊ ಮಾರುವವರು ಕೆಂಪು ತಾಡಪಾಲಿನ ನೆರಳಿನಲ್ಲಿ ಕೂರುವುದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ. ಆ ನೆರಳಿನಲ್ಲಿ ಅರೆಗಾಯಿಯೂ ಹಣ್ಣಿನಂತೆ ಕಾಣುತ್ತದೆ. ಆದರೆ ಅಲ್ಲಿ ಕೊಳ್ಳುವವನು ಒಂದನ್ನು ಕೈಗೆತ್ತಿಕೊಂಡು ಒಂದು ಗೇಣು ಈಚೆಗೆ ತಂದರೆ ಸಾಕು, ಬಿಸಿಲು ಅಲ್ಲಿಯೇ ಇದೆ. ಬಂಗಾರದ ಅಂಗಡಿಯಲ್ಲಿ ಒಡವೆಯ ಮೇಲೆ ಹಳದಿ ಬೆಳಕು, ಬೆಳ್ಳಿ ಮತ್ತು ವಜ್ರದ ಮೇಲೆ ಬಿಳಿ ಬೆಳಕು ಹಾಕುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ, ಏಕೆಂದರೆ ಬಂಗಾರದ ಗುಣವನ್ನು ನಾವು ಕಣ್ಣಿನಿಂದ ತೀರ್ಮಾನಿಸುವುದಿಲ್ಲ. 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಇದೆ, ತಕ್ಕಡಿ ಇದೆ. ದೀಪ ಎಷ್ಟೇ ಹಳದಿಯಾದರೂ 916ರ ಗುರುತು ಬದಲಾಗುವುದಿಲ್ಲ.

ಬಣ್ಣವೇ ಗುಣವಾಗಿರುವ ಕಡೆ ಮಾತ್ರ ಪ್ರಶ್ನೆ ಗಟ್ಟಿಯಾಗುತ್ತದೆ. ಮಾಂಸ ತಾಜಾ ಇದೆಯೋ ಇಲ್ಲವೋ ಎಂದು ಹೇಳುವುದು ಅದರ ಕೆಂಪು. ಚೀನಾದಲ್ಲಿ ಮಾಂಸ, ತರಕಾರಿಗಳ ಮೇಲೆ ಕೆಂಪು, ಹಸಿರು ಛಾಯೆಯ ದೀಪ ಹಾಕುವ ರೂಢಿ ಎಷ್ಟು ಹಬ್ಬಿತ್ತೆಂದರೆ, ಕೃಷಿ ಉತ್ಪನ್ನಗಳ ನಿಜ ಬಣ್ಣವನ್ನು ಸ್ಪಷ್ಟವಾಗಿ ಬದಲಾಯಿಸಿ ಕೊಳ್ಳುವವರನ್ನು ದಾರಿ ತಪ್ಪಿಸುವಂಥ ದೀಪಗಳನ್ನು ಬಳಸಕೂಡದೆಂದು ಅಲ್ಲಿನ ಮಾರುಕಟ್ಟೆ ನಿಯಂತ್ರಣ ಇಲಾಖೆ ನಿಯಮವನ್ನೇ ಮಾಡಿ 2023ರ ಡಿಸೆಂಬರ್ 1ರಿಂದ ಜಾರಿಗೆ ತಂದಿತು. ಬಟ್ಟೆಗೆ ಅಂಥ ನಿಯಮ ಬೇಕೆಂದು ನಾನು ಹೇಳಲಾರೆ. ಸೀರೆಯನ್ನು ಚಂದವಾಗಿ ತೋರಿಸುವುದು ಮಾರುವವನ ಕೆಲಸ. ದೇವರ ಮುಂದೆಯೂ ನಾವು ದೀಪವನ್ನು ಬೇಕಾದ ಕಡೆಗೇ ಇಡುತ್ತೇವೆ. ನನ್ನ ಸಂಕಟ ಸ್ಪಾಟ್‌ಲೈಟಿನದಲ್ಲ. ಹೊಸ್ತಿಲು ಇಲ್ಲವಾದದ್ದರದು. ಕಿಟಕಿಯಿಲ್ಲದ ಮಹಡಿಯಲ್ಲಿ, ಬಿಲ್ಲಾಗದ ಸರಕನ್ನು ಕೆಳಗಿಳಿಸಲು ಬಿಡದ ವ್ಯವಸ್ಥೆಯಲ್ಲಿ, ಕೊಳ್ಳುವವರಿಗೆ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುವ ಜಾಗವೇ ಉಳಿದಿಲ್ಲ. ಪ್ರತಿ ಮಹಡಿಯಲ್ಲೂ ಒಂದು ಕಿಟಕಿ ಬಿಟ್ಟರೆ ಸಾಕು. ಅದು ಆಗದಿದ್ದರೆ ಒಂದು ಮೂಲೆಯಲ್ಲಿ 6,500 ಕೆಲ್ವಿನ್‌ನ, ಸಿಆರ್‌ಐ 90 ದಾಟಿದ ಒಂದು ದೀಪ ಹಾಕಿ, ಪಕ್ಕಕ್ಕೆ ಮನೆಯಲ್ಲಿ ಹಾಕುವಂಥ ಮಾಮೂಲಿ ಟ್ಯೂಬೊಂದನ್ನು ಇಟ್ಟು, 'ಇಲ್ಲಿ ಬಣ್ಣ ನೋಡಿಕೊಳ್ಳಿ' ಎಂದು ಬರೆದು ಹಾಕಬಹುದು. ಮಳಿಗೆಯ ಅಲಂಕಾರಕ್ಕೆ ಸುರಿಯುವ ಹಣದಲ್ಲಿ ಇದರ ಖರ್ಚು ಲೆಕ್ಕಕ್ಕೂ ಬಾರದು.

ಉಣ್ಣುವ ಜಾಗದಲ್ಲಿ

ಹೋಟೆಲಿನ ಬೆಳಕಿನ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ನಮ್ಮ ಬೆಣ್ಣೆ ದೋಸೆಯ ಹಳೆಯ ಹೋಟೆಲುಗಳಲ್ಲಿ ಬೆಳಕೆಂದರೆ ಒಂದೋ ಎರಡೋ ಟ್ಯೂಬು, ಜೊತೆಗೆ ಕಾವಲಿಯ ಕೆಳಗಿನ ಸೌದೆಯ ಉರಿ. ಬಿಳಿಯ, ನೆರಳಿಲ್ಲದ ಆ ಬೆಳಕಿನಲ್ಲಿ ಯಾರೂ ಬಹಳ ಹೊತ್ತು ಕೂರುವುದಿಲ್ಲ. ತಿಂದು, ಕೈ ತೊಳೆದು, ಹಿಂದೆ ನಿಂತವರಿಗೆ ಜಾಗ ಬಿಡುತ್ತಾರೆ. ದೋಸೆ ಎಷ್ಟು ಕೆಂಪಗೆ ಬೆಂದಿದೆ, ಬೆಣ್ಣೆ ಎಷ್ಟು ಬಿದ್ದಿದೆ, ತಟ್ಟೆ ತೊಳೆದದ್ದು ಹೇಗಿದೆ, ಎಲ್ಲವೂ ಕಾಣುತ್ತದೆ. ಹೊಸ ರೆಸ್ಟೋರೆಂಟುಗಳ ಮಂದ ಬೆಳಕು ಇದಕ್ಕೆ ವಿರುದ್ಧ. ಬೆಳಕು ಕಡಿಮೆ ಇರುವಾಗ ಹಳದಿ ಛಾಯೆಯದೇ ಮನಸ್ಸಿಗೆ ಹಿತವೆಂದು, ಫಿಲಿಪ್ಸ್ ಕಂಪನಿಯಲ್ಲಿದ್ದ ಡಚ್ ಭೌತವಿಜ್ಞಾನಿ ಕ್ರೂಯ್ಟಾಫ್ 1941ರಲ್ಲಿ ಒಂದು ನಕ್ಷೆ ಬರೆದು ಹೇಳಿದ. ಆಮೇಲಿನ ಪ್ರಯೋಗಗಳು ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲವಾದರೂ ದೀಪ ಹಾಕುವವರು ಇಂದಿಗೂ ಅದೇ ದಾರಿಯಲ್ಲಿ ನಡೆಯುತ್ತಾರೆ. ಅಂಥ ಬೆಳಕಿನಲ್ಲಿ ದನಿಗಳು ತಗ್ಗುತ್ತವೆ, ಮಾತು ಬೆಳೆಯುತ್ತದೆ, ಇನ್ನೊಂದು ತಿನಿಸು ಹೇಳಬೇಕೆನಿಸುತ್ತದೆ. ಗೆಳೆಯರೊಂದಿಗೆ ಕೂತಾಗ ನಾನೂ ಅದನ್ನು ಇಷ್ಟಪಟ್ಟಿದ್ದೇನೆ.

ಆದರೆ ಎಪ್ಪತ್ತೆಂಟರ ಅವ್ವನನ್ನು ಕರೆದುಕೊಂಡು ಹೋದ ದಿನ ಅದೇ ಬೆಳಕು ಬೇರೆಯಾಗಿ ಕಂಡಿತು. ಕಪ್ಪು ಹಾಳೆಯ ಮೇಲೆ ಕಂದು ಅಕ್ಷರದ ಪಟ್ಟಿಯನ್ನು ಅವಳು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು, ಕೊನೆಗೆ ಮಡಿಸಿ ಮೇಜಿನ ಮೇಲಿಟ್ಟು "ನೀವು ಹೇಳಿದ್ದೇ ನನಗೂ ಹೇಳ್ರಿ" ಎಂದಳು. ಅರವತ್ತು ದಾಟಿದವರ ಕಣ್ಣಿನ ಪರದೆಗೆ ತಲುಪುವ ಬೆಳಕು ಇಪ್ಪತ್ತರ ಹರೆಯದವರಿಗೆ ತಲುಪುವುದರ ಮೂರನೆಯ ಒಂದು ಭಾಗದಷ್ಟೇ. ಮಸೂರ ವಯಸ್ಸಾದಂತೆ ಹಳದಿಗಟ್ಟಿ ನೀಲಿಯನ್ನೂ ತಡೆಯುತ್ತದೆ. (ನಿಶ್ಚಿತಾರ್ಥದ ಸೀರೆ ಕೊಳ್ಳುವ ಎರಡು ತಿಂಗಳ ಮುಂಚೆ ಅವ್ವನ ಎರಡೂ ಕಣ್ಣಿನ ಪೊರೆ ತೆಗೆಸಿದ್ದೆವು. ಮನೆಗೆ ಬಂದ ದಿನವೇ ಅವಳು, ಟ್ಯೂಬ್‌ಲೈಟು ಇಷ್ಟು ನೀಲಿ ಇತ್ತೇ ಎಂದು ಕೇಳಿದ್ದಳು. ಸೀರೆಯಲ್ಲಿದ್ದ ನೀಲಿಯನ್ನು ನಮಗಿಂತ ಮೊದಲು ಅವಳೇ ಕಂಡದ್ದು ಅದರಿಂದಲೇ ಇರಬೇಕು.) ತಾನು ಏನು ತಿನ್ನಬೇಕು, ಅದಕ್ಕೆ ಎಷ್ಟು ಕೊಡಬೇಕು ಎಂಬುದನ್ನು ಒಬ್ಬ ಹಿರಿಯಳು ಓದಲಾಗದ ಬೆಳಕನ್ನು ಹಿತವಾದ ಬೆಳಕೆಂದು ಕರೆಯಲು ನನಗೆ ಆಗುವುದಿಲ್ಲ. ಮೇಜಿಗೊಂದು ಸಣ್ಣ ದೀಪ ತಂದಿಡಿ ಎಂದು ಕೇಳಿದರೆ ತಂದಿಡುವಷ್ಟಾದರೂ ಏರ್ಪಾಡು ಇರಬೇಕು.

ಮೊಳಕಾಲ್ಮುರಿನಲ್ಲಿ

ಮದುವೆಯ ಸೀರೆಗೆ ಅವ್ವ ಮತ್ತೆ ಆ ಮಹಡಿ ಹತ್ತಲು ಒಪ್ಪಲಿಲ್ಲ. ನಾವು ಚಿತ್ರದುರ್ಗ, ಚಳ್ಳಕೆರೆಯ ಮೇಲೆ ಮೊಳಕಾಲ್ಮುರಿಗೆ ಹೋದೆವು. ಪರಿಚಯದವರು ಹೇಳಿದ ನೇಕಾರರ ಮನೆಯಲ್ಲಿ ಕುಣಿಮಗ್ಗವಿದ್ದ ಕೋಣೆ ಕತ್ತಲೆಯೇ. ಒಂದು ಬಲ್ಬು, ಒಂದು ಗವಾಕ್ಷಿ. ನೇಕಾರರು ಮೂರು ಸೀರೆ ತೆಗೆದರು. ಅದರಲ್ಲೊಂದು ಹಾಸು ಕೆಂಪು, ಹೊಕ್ಕು ಹಸಿರು. ಆಚೆ ಈಚೆ ತಿರುಗಿಸಿದಂತೆ ಪಾರಿವಾಳದ ಕುತ್ತಿಗೆಯ ಹಾಗೆ ಬಣ್ಣ ಓಡಾಡುತ್ತಿತ್ತು. ಅವ್ವ ಏನೂ ಕೇಳುವ ಮೊದಲೇ ಅವರು ಸೀರೆಯನ್ನು ಎತ್ತಿಕೊಂಡು ಹೊರಗೆ ನಡೆದರು. ನಾನು ಬಿಸಿಲಿಗೆ ಇಳಿಯಲು ಹೋದಾಗ ತಡೆದು, "ನೇರ ಬಿಸಿಲಾಗೆ ಬ್ಯಾಡ ಸಾ, ಬಣ್ಣ ತಿಂದಾಕ್ತೈತೆ. ಇಲ್ಲಿ ನೆಳ್ಳಾಗೆ ನೋಡ್ರಿ" ಎಂದು, ಬೇವಿನ ಮರದ ಕಟ್ಟೆಯ ಮೇಲೆ ಪಂಚೆ ಹಾಸಿ, ಅದರ ಮೇಲೆ ಸೆರಗನ್ನು ಬಿಡಿಸಿದರು. ಅಪ್ಪಾಜಿಯ ಗಿರಣಿಯ ಉತ್ತರದ ಗಾಜು ನನಗೆ ನೆನಪಾಯಿತು.

ಅವ್ವ ಚಪ್ಪಲಿ ಮೆಟ್ಟಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು. ಬಣ್ಣ ಒಪ್ಪಿತು. ಆದರೂ, "ರಾತ್ರಿ ಆರತಕ್ಷತೆಗೂ ಇದನ್ನೇ ಉಡ್ತಾಳ, ದೀಪಕ್ಕ ಹೆಂಗ ಕಾಣ್ತೈತಿ?" ಎಂದು ಕೇಳಿದಳು. ನೇಕಾರರು ಸೀರೆಯನ್ನು ಮತ್ತೆ ಒಳಗೆ ಕೊಂಡುಹೋದರು. ಬಾಗಿಲು ಮುಂದೆ ಮಾಡಿ, ಗವಾಕ್ಷಿಗೆ ಗೋಣಿಚೀಲ ಅಡ್ಡ ಹಾಕಿ, ಬಲ್ಬಿನ ಕೆಳಗೆ ತಮ್ಮ ಹೆಂಡತಿಯ ಹೆಗಲ ಮೇಲೆ ಸೆರಗು ಹೊದಿಸಿ ನಿಲ್ಲಿಸಿದರು. ಹಸಿರು ಅಡಗಿ ಕೆಂಪು ಮುಂದೆ ಬಂತು. ಮದುಮಗಳು ಹತ್ತಿರ ಹೋಗಿ ಸೆರಗನ್ನು ಮುಟ್ಟಿ ನೋಡಿ, ಅಜ್ಜಿಯ ಕಡೆ ತಿರುಗಿ ತಲೆಯಾಡಿಸಿದಳು. ಆಮೇಲೆ ಅವರು ಬಾಗಿಲು ತೆರೆದು, ಸೀರೆಯನ್ನು ಮಡಿಕೆಗೆ ಮಡಿಕೆ ಕೂಡಿಸಿ ಅವ್ವನ ತೊಡೆಯ ಮೇಲಿಟ್ಟು, ಬೆಲೆ ಹೇಳಿದರು.